ಹಂದಿಮನೆಯ ನೀರಿನ ಹೊತ್ತು

ನಿಧಿ, ಕಾರ್ತಿಕ, ಕಳೆದ ವಾರ ಸ್ಕೂಲ್ ಬ್ಯಾಗ್ ತರಲು ಗವರ್ನರ್‌ಪೇಟೆಗೆ ಹೋದಾಗ ನಾನು ಒಂದು ಓಣಿಯ ಬಾಯಲ್ಲಿ ಸುಮ್ಮನೆ ನಿಂತುಬಿಟ್ಟೆನಲ್ಲ, ಅದು ಒಣಮೀನಿನ ಸಗಟು ಅಂಗಡಿ. ಕಾರ್ತಿಕ, ನೀನು ಮೂಗು ಹಿಡಿದುಕೊಂಡು "ಅಜ್ಜಿ, ಪದ ಪದ", ನಡಿ ನಡಿ ಎಂದು, ತೆಲುಗಿನಲ್ಲೇ ಅವಸರಿಸಿ ನನ್ನ ಸೆರಗು ಎಳೆದೆ. ನಿಧಿ, ನೀನು ಬಿಸಿಲಿಗೆ ತಲೆ ಸುತ್ತಿತೇ ಎಂದು ಕೇಳಿದೆ. ತಲೆ ಸುತ್ತಿರಲಿಲ್ಲ. ಆ ವಾಸನೆ ನನ್ನನ್ನು ಭೀಮುನಿಪಟ್ಟಣದ ನಮ್ಮ ಹಂದಿಮನೆಗೆ, ನಿಧಿ ಹುಟ್ಟುವ ಮೊದಲಿನ ಬೇಸಿಗೆಗೆ ಕರೆದುಕೊಂಡು ಹೋಗಿತ್ತು. ಏನೂ ಇಲ್ಲ ಎಂದೆ. ಎದುರಿಗೆ ಕೂತು ಹೇಳಲು ನನಗೆ ಯಾವತ್ತೂ ಬಂದಿಲ್ಲ. ಹಳ್ಳಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರ ಕಷ್ಟವಾದರೆ ನಿಮ್ಮ ಅಮ್ಮನನ್ನು ಕೇಳಿ.

ನಿಮ್ಮ ತಾತ ನೇವಿಯಲ್ಲಿದ್ದರು ಎಂದು ನಿಮಗೆ ಗೊತ್ತು. ಹಡಗಿನ ಎಂಜಿನ್ ಇರುವ ಕೆಳಗಿನ ಕೋಣೆಯಲ್ಲಿ ಅವರ ಕೆಲಸ. ರಿಟೈರಾದಾಗ ಊರಿಗೆ ಹೋಗೋಣ ಎಂದು ನಾನು ಅಂದುಕೊಂಡಿದ್ದೆ. ಅವರು ಕೊನೆಗೆ ಕೆಲಸದಲ್ಲಿದ್ದ ವಿಶಾಖಪಟ್ಟಣದ ಸೀಮೆ ಬಿಡಲಿಲ್ಲ. ಸಮುದ್ರ ಕಾಣದ ಕಡೆ ನಿದ್ದೆ ಬರುವುದಿಲ್ಲ ಎಂದು ಭೀಮುನಿಪಟ್ಟಣದ ಆಚೆ ತಾಳೆಮರಗಳ ನಡುವೆ ಒಂದು ತುಂಡು ಜಾಗ ಕೊಂಡರು. ಸಕಲೇಶಪುರದ ಕಡೆ ನಮ್ಮ ಹಳ್ಳಿಯಲ್ಲಿ ಮನೆ ಹಿಂದೆ ಒಂದೆರಡು ಹಂದಿ ಕಟ್ಟುವುದು ಸಾಮಾನ್ಯ. ಅದು ನನಗೆ ಹೊಸದಾಗಿರಲಿಲ್ಲ. ಆದರೆ ತಾತ ಕಟ್ಟಿದ್ದು ಬೇರೆ ಥರದ ಹಂದಿಮನೆ. ಉದ್ದದ ಶೆಡ್ಡು, ಎರಡೂ ಬದಿಗೆ ಎದೆಮಟ್ಟದ ಗೋಡೆ, ಅದರ ಮೇಲೆ ಗಾಳಿಗೆ ಬಯಲು. ಸಿಮೆಂಟ್ ಶೀಟಿನ ಮಾಡಿನ ಮೇಲೆ ಬಿಸಿಲು ತಡೆಯಲು ತಾಳೆಗರಿ. ಒಳಗೆ ಸಾಲಾಗಿ ಕೋಣೆಗಳು. ಕಾಲು ಜಾರದ ಹಾಗೆ ನೆಲಕ್ಕೆ ಗೀರು ಎಳೆಸಿದ್ದರು. ಗೋಡೆಗೆ ಹಬ್ಬಕ್ಕೊಮ್ಮೆ ಸುಣ್ಣ. ಬಾಗಿಲಲ್ಲಿ ಕಾಲು ಅದ್ದಿ ಬರಲು ಔಷಧಿ ನೀರಿನ ತಟ್ಟೆ. ಬೆಳಿಗ್ಗೆ ಆರಕ್ಕೆ ಇಡೀ ಶೆಡ್ಡು ಹಡಗಿನ ಡೆಕ್ಕಿನ ಹಾಗೆ ಉಜ್ಜಿ ತೊಳೆಯುತ್ತಿದ್ದರು.

ಹಂದಿ ಎಂದರೆ ಕೊಳಕು ಎಂದು ನಿಮ್ಮ ಸ್ಕೂಲಿನಲ್ಲಿ ಯಾರಾದರೂ ಅಂದರೆ ನಂಬಬೇಡಿ. ಜಾಗ ಕೊಟ್ಟರೆ ಅದು ಮಲಗುವ ಕಡೆ ಗಲೀಜು ಮಾಡುವುದಿಲ್ಲ, ಒಂದು ಮೂಲೆಯನ್ನೇ ಹಿಡಿದುಕೊಳ್ಳುತ್ತದೆ. ಅದಕ್ಕೆ ಮೈ ಬೆವರುವುದಿಲ್ಲ. ಸೆಖೆಗೆ ತಂಪು ಬೇಕಾಗಿ ಕೆಸರಿಗೆ ಬೀಳುತ್ತದೆ, ಅಷ್ಟೇ.

ತಾತನ ಒಂದು ಪದ್ಧತಿ ಇಡೀ ಮನೆಗೆ ಕಾನೂನಾಗಿತ್ತು. ಹಡಗಿನಲ್ಲಿ ಕುಡಿಯುವ ನೀರು ತೂಗಿ ಕೊಡುವ ಚಿನ್ನ ಇದ್ದ ಹಾಗಂತೆ. ದಿನಕ್ಕೆ ಇಂತಿಷ್ಟು ಹೊತ್ತು ಮಾತ್ರ ನಲ್ಲಿ ಬಿಡುತ್ತಾರೆ, ಆಮೇಲೆ ಮುಖ್ಯ ವಾಲ್ವು ಬಂದ್. ಅದಕ್ಕೆ ಅವರು ನೀರಿನ ಹೊತ್ತು ಎನ್ನುತ್ತಿದ್ದರು. ಅಷ್ಟು ವರ್ಷ ಹಾಗೆ ಬಾಳಿದ ಮನುಷ್ಯನಿಗೆ ತೆರೆದಿಟ್ಟ ನಲ್ಲಿ ಕಂಡರೆ ಮೈಯಲ್ಲಿ ಮುಳ್ಳು. ಮನೆಗೂ ಹಂದಿಮನೆಗೂ ಸೇರಿ ಒಂದೇ ಪೈಪು, ಅದರ ಬಾಯಿಗೆ ಕೆಂಪು ಬಣ್ಣ ಬಳಿದ ಕಬ್ಬಿಣದ ಚಕ್ರದ ವಾಲ್ವು. ಸಂಜೆ ಅದನ್ನು ತಿರುಗಿಸಿ ಮುಚ್ಚಿದರೆ ಬೆಳಿಗ್ಗೆಯೇ ತೆರೆಯುವುದು. ನಾನು ಮೊದಲೇ ಪಾತ್ರೆ ತುಂಬಿಟ್ಟುಕೊಳ್ಳುತ್ತಿದ್ದೆ. ಹಂದಿಗಳು ಬಾಯಿಂದ ಒತ್ತಿದರೆ ನೀರು ಬರುವ ಮೊಳೆನಲ್ಲಿಗಳನ್ನು ಅವರೇ ಗೋಡೆಗೆ ಕೂರಿಸಿದ್ದರು. ಸೆಖೆಗೆ ಹಂದಿಗಳು ಒಳಗೇ ಇಳಿದು ನೀರು ಕೆಡಿಸುತ್ತವೆ ಎಂದು ನೀರಿನ ತೊಟ್ಟಿಗಳನ್ನು ತೆಗೆಸಿಬಿಟ್ಟರು. ರಾತ್ರಿ ಹಂದಿ ಮಲಗುತ್ತದೆ, ಮಲಗಿದ್ದಕ್ಕೆ ಯಾಕೆ ನೀರು ಎನ್ನುವುದು ಅವರ ವಾದ. ಕೆಲವು ವರ್ಷ ಅದರಿಂದ ತೊಂದರೆಯೂ ಆಗಲಿಲ್ಲ.

ಮೀನುಗಾರರ ಕೇರಿಯಿಂದ ಬರುತ್ತಿದ್ದ ಅಪ್ಪಲಮ್ಮ ಮಾತ್ರ ಅವರನ್ನು ಆಡಿಕೊಳ್ಳುತ್ತಿದ್ದಳು. ಒಣಮೀನು ಮಾರುವ ಹೆಂಗಸು ಅವಳು. ನನ್ನ ತೆಲುಗು ಅರೆಬರೆ, ಅವಳ ಬಾಯಿ ಬಲು ಜೋರು. ಆದರೂ ಆ ಊರಿನಲ್ಲಿ ನನಗೆ ಇದ್ದ ಗೆಳತಿ ಅವಳೊಬ್ಬಳೇ. ತಾತ ವಾಲ್ವು ಮುಚ್ಚುವಾಗ ಅವಳು ಬೇಲಿಯ ಆಚೆಯಿಂದ ಕೂಗುತ್ತಿದ್ದಳು.

"ಏಟಿ, ಏನಿದು ನೇವಿ ಬಾಬೂ, ಅಷ್ಟು ದೊಡ್ಡ ಸಮುದ್ರ ಎದುರಿಗೆ ಇಟ್ಕೊಂಡು ನೀರಿಗೆ ಬೀಗ ಹಾಕೋದು ಲೋಕದಲ್ಲಿ ನೀವೊಬ್ರೇ."

ತಾತ ನಗುತ್ತಿರಲಿಲ್ಲ. ಸಮುದ್ರದ ನೀರು ಕುಡಿದು ತೋರಿಸು ನೋಡೋಣ ಎನ್ನುತ್ತಿದ್ದರು.

ಆ ಬೇಸಿಗೆ ಬಹಳ ಕೆಟ್ಟದಾಗಿತ್ತು. ಸಮುದ್ರದ ಗಾಳಿಯೇ ನಿಂತುಹೋಗಿ ತಾಳೆಗರಿ ಅಲ್ಲಾಡದ ದಿನಗಳಿದ್ದವು. ಬೋರ್‌ವೆಲ್ಲಿನ ನೀರು ಇಳಿದು ನಾಲಿಗೆಗೆ ಉಪ್ಪುಪ್ಪಾಗಿ ಹತ್ತುತ್ತಿತ್ತು. ಕರೆಂಟು ಬಂದಾಗಲಷ್ಟೇ ಪಂಪು. ತಾತ ನೀರಿನ ಹೊತ್ತನ್ನು ಇನ್ನೂ ಕಡಿಮೆ ಮಾಡಿದರು. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಅದೇ ತಿಂಗಳು ಜೋಳದ ನುಚ್ಚು ಸಿಗದೆ ಅಪ್ಪಲಮ್ಮ ತರುವ ಒಣಮೀನಿನ ತಲೆ, ಬಾಲಗಳನ್ನು ತೌಡಿಗೆ ಕಲಸಿ ಹಾಕಲು ಶುರುಮಾಡಿದೆವು. ಹಂದಿಗಳು ಇಷ್ಟಪಟ್ಟು ತಿಂದವು. ಶೆಡ್ಡಿಗೆಲ್ಲ ಅದೇ ವಾಸನೆ, ನನ್ನ ಸೀರೆಗೂ ಅದೇ ವಾಸನೆ.

ನಿಮ್ಮ ಅಮ್ಮ ಆಗ ವಿಜಯವಾಡದಲ್ಲಿ ಬಸುರಿ. ನಿಮ್ಮ ಅಪ್ಪನಿಗೆ ಬ್ಯಾಂಕಿನಿಂದ ಅಲ್ಲಿಗೆ ವರ್ಗವಾಗಿತ್ತು. ಮಳೆ ಹಿಡಿದ ಮೇಲೆ ಬಾಣಂತನಕ್ಕೆ ನಮ್ಮಲ್ಲಿಗೆ ಬರುವುದೆಂದು ಮಾತಾಗಿತ್ತು. ಫೋನಿನಲ್ಲಿ ಅವಳು ಅಮ್ಮ, ಬಾಯಿ ಒಣಗುತ್ತೆ ಎನ್ನುವಾಗಲೆಲ್ಲ ನನ್ನ ಬಾಯಿ ಒಣಗುತ್ತಿತ್ತು. ಅದಕ್ಕೆ ಕಾರಣವಿದೆ. ಅವಳು ಹುಟ್ಟಿದಾಗ ನಮ್ಮ ಹಳ್ಳಿಯಲ್ಲಿ ಬಾಣಂತಿಗೆ ನೀರು ಕೊಡುತ್ತಿರಲಿಲ್ಲ. ಹಸಿ ಮೈಗೆ ನೀರು ಆಗದು, ಹೊಟ್ಟೆ ಬರುತ್ತದೆ ಎಂದು ಊಟಕ್ಕೆ ಒಂದು ಸಣ್ಣ ಲೋಟ ಬಿಸಿನೀರು, ಅಷ್ಟೇ. ಮಗು ಎದೆಗೆ ಬಾಯಿ ಹಾಕಿದ ಕೂಡಲೇ ನನ್ನ ಗಂಟಲು ಬೂದಿಯಾಗುತ್ತಿತ್ತು. ಬಚ್ಚಲಿನಲ್ಲಿ ತಲೆಗೆ ಹುಯ್ಯುವ ನೀರು ತುಟಿಯ ಹತ್ತಿರ ಇಳಿದಾಗ ಯಾರಿಗೂ ಕಾಣದಂತೆ ನೆಕ್ಕಿಕೊಂಡಿದ್ದೇನೆ. ನಾಚಿಕೆಯ ಹೆಂಗಸು ನಾನು, ನೀರು ಕೊಡಿ ಎಂದು ಬಾಯಿಬಿಟ್ಟು ಕೇಳಲಿಲ್ಲ. ಆಗ ನಿಮ್ಮ ತಾತ ಹಡಗಿನಲ್ಲಿದ್ದರು. ಅವರಿಗೆ ಇದನ್ನು ನಾನು ಎಂದೂ ಹೇಳಿರಲೂ ಇಲ್ಲ.

ನಮ್ಮ ಹಂದಿಗಳಲ್ಲಿ ಬಂಗಾರಿ ಎಂಬ ದೊಡ್ಡ ಬಿಳಿ ಹೆಣ್ಣು ಆ ಬೇಸಿಗೆಯ ನಡುವಿನಲ್ಲಿ ಮರಿ ಹಾಕಿತು. ಹಿಂದಿನ ದಿನವೇ ಅದು ತಾಳೆಗರಿ, ಗೋಣಿಚೂರು ಎಲ್ಲ ಬಾಯಲ್ಲಿ ಕಚ್ಚಿ ತಂದು ಮೂಲೆಯಲ್ಲಿ ಗೂಡು ಮಾಡಿಕೊಂಡಿತ್ತು. ಗೇಣುದ್ದದ ಮರಿಗಳು ಕಣ್ಣು ಬಿಡುತ್ತಲೇ ತಮ್ಮ ತಮ್ಮ ಮೊಲೆ ಹುಡುಕಿಕೊಂಡು ಸಾಲಾಗಿ ಮಲಗಿದವು. ಬಂಗಾರಿ ಗುರ್ ಗುರ್ ಎಂದು ಹಾಲಿಳಿಸುತ್ತ ಒಣಗಿದ ಮೊಳೆನಲ್ಲಿಯ ಕಡೆಗೆ ಮೂತಿ ಎತ್ತಿ ನೋಡಿತು. ಆ ನೋಟ ನನಗೆ ಗೊತ್ತಿತ್ತು. ಅಂದಿನಿಂದ ತಾತ ಮಧ್ಯಾಹ್ನ ಮಲಗಿದಾಗ ಒಮ್ಮೆ, ಸಂಜೆ ಪೇಟೆಗೆ ಹೋದಾಗ ಒಮ್ಮೆ, ನಾನು ಅಡಿಗೆಮನೆಯ ಕೊಡದಿಂದ ಅದಕ್ಕೆ ನೀರು ಹೊತ್ತು ಹಾಕಿದೆ. ತೆಗೆಸಿಹಾಕಿದ್ದ ಒಂದು ಸಣ್ಣ ಹಳೆಯ ಕಲ್ಲುತೊಟ್ಟಿಯನ್ನು, ತಾತ ತೊಳೆಯದೆ ಬಿಟ್ಟಿದ್ದ ಗೂಡಿನ ಮೂಲೆಯಲ್ಲಿ, ಗರಿಗಳ ಹಿಂದೆ ಮರೆಮಾಡಿ ಇಟ್ಟಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಬೆಳೆಯುವ ಹಂದಿಗಳ ಕೋಣೆಯಲ್ಲಿ ಒಂದು ಸತ್ತುಬಿದ್ದಿತ್ತು. ಇನ್ನೊಂದು ಕುರುಡನ ಹಾಗೆ ಗೋಡೆಗೆ ಢಿಕ್ಕಿ ಹೊಡೆಯುತ್ತ ಒಂದೇ ದಿಕ್ಕಿಗೆ ಸುತ್ತುತ್ತಿತ್ತು. ಮತ್ತೊಂದು ಮೂಲೆಗೆ ಹಣೆಯೊತ್ತಿ ನಿಂತಿತ್ತು, ಎಳೆದರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ನಾಯಿಯ ಹಾಗೆ ಕೂತು, ತಲೆ ಹಿಂದಕ್ಕೆ ಎಸೆದು, ಹಲ್ಲು ಕಡಿಯುತ್ತ ಮಗುಚಿಬಿತ್ತು. ಕಾಲುಗಳು ಗಾಳಿಯಲ್ಲಿ ಓಡಿದವು. ತಾತನಿಗೂ ನನಗೂ ಹೊಳೆದದ್ದು ಒಂದೇ. ಎಲ್ಲೆಲ್ಲೋ ಹಂದಿ ಜ್ವರ ಬಂದಿದೆ ಎಂದು ಆಗ ಕೇಳಿಬರುತ್ತಿತ್ತು. ಅದಕ್ಕೆ ಮದ್ದಿಲ್ಲ. ಬಂತೆಂದು ಗೊತ್ತಾದರೆ ಸರಕಾರದವರು ಬಂದು ಚೆನ್ನಾಗಿರುವುದನ್ನೂ ಬಿಡದೆ ಎಲ್ಲವನ್ನೂ ಕೊಂದು ಹೂಳುತ್ತಾರೆ. ಬಂಗಾರಿಯನ್ನೂ ಅದರ ಮರಿಗಳನ್ನೂ.

ಮಧ್ಯಾಹ್ನದೊಳಗೆ ಇನ್ನೊಂದು ಸತ್ತಿತು. ಸುದ್ದಿ ಕೇರಿಗೆ ಮುಟ್ಟಿತು. ಕೆಲವರು ಗೇಟಿನ ಹತ್ತಿರ ಬಂದು, ರೋಗ ಹರಡುವ ಮೊದಲೇ ಗುಂಡಿ ತೋಡಿಸಿಬಿಡಿ ಎಂದು ತಾತನಿಗೆ ಹೇಳಿಹೋದರು. ಅಪ್ಪಲಮ್ಮನ ಮೀನಿನಿಂದಲೇ ಬಂತು ಎಂದೂ ಯಾರೋ ಅಂದರು. ಅವಳು ಗೇಟಿನ ಆಚೆ ಬುಟ್ಟಿ ಇಳಿಸಿ ಕೂತವಳು ಎದ್ದು ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಅವಳು ಬಾಯಿ ಮುಚ್ಚಿಕೊಂಡು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ತಾತ ನನಗೆ, ಇದು ಹೋದರೆ ಇನ್ನು ಕಟ್ಟುವ ಶಕ್ತಿ ನನಗಿಲ್ಲ ಜಾನಕಿ ಎಂದರು. ಮಗಳು ಬಾಣಂತನಕ್ಕೆ ಬರುವುದು ಬೇಡವೆಂದು ಫೋನು ಮಾಡಲು ಹೇಳಿದರು. ನಾನು ಮಾಡಲಿಲ್ಲ, ಸಂಜೆಗೆ ಮಾಡುತ್ತೇನೆ ಎಂದೆ.

ಪಶು ಆಸ್ಪತ್ರೆಯ ಡಾಕ್ಟರಮ್ಮ ಸ್ಕೂಟಿಯಲ್ಲಿ ಬಂದರು. ಅಷ್ಟೇನೂ ವಯಸ್ಸಾಗಿರಲಿಲ್ಲ, ಮಾತು ಕಡಿಮೆ. ಔಷಧಿ ನೀರಿನಲ್ಲಿ ಬೂಟು ಅದ್ದಿ ಒಳಗೆ ಬಂದು, ಮೊದಲು ಏನೂ ಕೇಳದೆ, ಒದ್ದಾಡುತ್ತಿದ್ದ ಹಂದಿಗಳ ಜ್ವರ ನೋಡಿದರು. ಒಂದಾದ ಮೇಲೆ ಒಂದು. ಪ್ರತಿ ಸಲವೂ ಥರ್ಮಾಮೀಟರು ಬೆಳಕಿಗೆ ಹಿಡಿದು ಮತ್ತೆ ಒರೆಸುತ್ತಿದ್ದರು. ಕಿವಿ, ಹೊಟ್ಟೆಯ ಚರ್ಮ ನೋಡಿದರು. ರಕ್ತ ತೆಗೆದು ಶೀಶೆಗೆ ಹಾಕಿಕೊಂಡರು. ಪರೀಕ್ಷೆಗೆ ಕಳಿಸಲೇಬೇಕು, ಉತ್ತರ ಬರಲು ದಿನಗಳು ಹಿಡಿಯುತ್ತವೆ, ಅಲ್ಲಿಯತನಕ ಗೇಟಿನಿಂದ ಒಂದು ಹಂದಿಯೂ ಹೊರಗೆ ಹೋಗಕೂಡದು ಎಂದರು. ಆದರೆ ಇವುಗಳಿಗೆ ಜ್ವರವೇ ಇಲ್ಲವಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಆಮೇಲೆ ಕೋಣೆಯಿಂದ ಕೋಣೆಗೆ ನಡೆದರು. ಎಲ್ಲ ಕಡೆಯೂ ಒಂದೆರಡು ಹಂದಿ ಮಂಕಾಗಿದ್ದವು, ಕಿವಿ ನೆಲಕ್ಕೆ. ಬಂಗಾರಿಯ ಕೋಣೆಗೆ ಬಂದಾಗ ಅದು ಎದ್ದು ನಿಂತು ಅವರ ಸೀರೆಯ ನೆರಿಗೆ ಮೂಸಿತು. ಮರಿಗಳು ಕಾಲ ಸಂದಿನಲ್ಲಿ ಕುಣಿದವು.

ಇದಕ್ಕೆ ಬೇರೆ ತಿಂಡಿಯೇ ಎಂದು ಡಾಕ್ಟರಮ್ಮ ಕೇಳಿದರು. ಅದೇ ಮೀನು, ಅದೇ ತೌಡು ಎಂದರು ತಾತ. ನೀರು? ನೀರೂ ಅದೇ ಪೈಪಿನದು. ತಾತ ನೆಟ್ಟಗೆ ನಿಂತು, ಹಡಗಿನಲ್ಲಿ ಆಫೀಸರಿಗೆ ವರದಿ ಒಪ್ಪಿಸುವ ಹಾಗೆ ನೀರಿನ ಹೊತ್ತಿನ ಪದ್ಧತಿಯನ್ನೆಲ್ಲ ವಿವರಿಸಿದರು. ಎಲ್ಲಾ ಕೋಣೆಗೂ ಒಂದೇ ಶಿಸ್ತು, ಒಂದಕ್ಕೆ ಹೆಚ್ಚಿಲ್ಲ ಒಂದಕ್ಕೆ ಕಡಿಮೆಯಿಲ್ಲ ಎಂದರು. ಅವರು ಸುಳ್ಳು ಹೇಳುವವರಲ್ಲ. ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಡಾಕ್ಟರಮ್ಮ ಬಂಗಾರಿಯನ್ನೇ ನೋಡುತ್ತ ನಿಂತರು. ಎಲ್ಲಾ ಒಂದೇ ಆದರೆ ಇದು ಹೇಗೆ ಹೀಗಿದೆ ಎಂದು ಕೇಳಿದರು. ನಾನು ತೌಡಿನ ಚೀಲಗಳ ಹಿಂದೆ ಸೆರಗು ಹಿಡಿದು ನಿಂತಿದ್ದೆ. ಹೊರಗಿನವರ ಎದುರು ನಿಮ್ಮ ತಾತನ ಮಾತಿನ ಮೇಲೆ ನಾನು ಮಾತಾಡಿದವಳಲ್ಲ. ನಾವಿಬ್ಬರೇ ಇದ್ದಾಗಲೂ ಕಡಿಮೆ. ಈಗ ಬಾಯಿಬಿಟ್ಟರೆ ಅವರ ಶಿಸ್ತು ಅವರ ಶೆಡ್ಡಿನಲ್ಲೇ, ಅವರ ಎದುರಿಗೇ ಮುರಿದುಬೀಳುತ್ತದೆ. ಡಾಕ್ಟರಮ್ಮ ಶೀಶೆಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದರು. ಆ ಮುಚ್ಚಳದ ಸದ್ದಿಗೆ ನನ್ನ ಕಾಲು ಮುಂದಕ್ಕೆ ಬಂತು.

"ನೀಳ್ಳು," ಎಂದೆ. ತೆಲುಗಿನಲ್ಲಿ ನೀರು ಎಂದಷ್ಟೇ. ಆಮೇಲೆ ನನ್ನ ತೆಲುಗು ಮುಗಿದುಹೋಗಿ ಕನ್ನಡವೇ ಬಂತು. "ದಿನಾ ನಾನು ಹೊತ್ತು ಹಾಕ್ತಿದ್ದೆ. ಇವರಿಗೆ ಗೊತ್ತಿಲ್ಲ. ಬಾಣಂತಿ ಅಲ್ವಾ, ಬಾಯಾರ್ತದೆ."

ಗರಿ ಸರಿಸಿ ತೊಟ್ಟಿ ತೋರಿಸಿದೆ. ಅದರ ತಳದಲ್ಲಿ ಇನ್ನೂ ನೀರಿತ್ತು.

ತಾತ ತೊಟ್ಟಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಡಾಕ್ಟರಮ್ಮ ಬೋರ್‌ವೆಲ್ಲಿನ ನೀರನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿ ಉಗುಳಿದರು. ಮೀನಿನ ತಲೆಯೊಂದನ್ನು ಮುರಿದು ನೋಡಿದರು, ಒಳಗೆಲ್ಲ ಬಿಳಿ ಉಪ್ಪಿನ ಹರಳು. ಇದು ರೋಗವಲ್ಲ ಅನಿಸುತ್ತದೆ, ಉಪ್ಪು ತಲೆಗೆ ಏರಿದೆ ಎಂದರು. ಹೊಟ್ಟೆಗೆ ಅಷ್ಟು ಉಪ್ಪು ಹೋದಾಗ ಬೇಕಾದಷ್ಟು ನೀರು ಸಿಗದಿದ್ದರೆ ಹಂದಿಯ ಮಿದುಳು ಕೆಡುತ್ತದಂತೆ. ನೀರಿನ ಹೊತ್ತಿನಲ್ಲಿ ಬಲವಾದವು ಮೊಳೆನಲ್ಲಿ ಹಿಡಿದುಕೊಂಡು ನಿಲ್ಲುತ್ತವೆ, ಹಿಂದೆ ಉಳಿದವಕ್ಕೆ ಸರದಿ ಬರುವಷ್ಟರಲ್ಲಿ ವಾಲ್ವು ಮುಚ್ಚಿರುತ್ತದೆ. ಸತ್ತವೆರಡೂ ಸಣ್ಣವು. ಉಪ್ಪು ಎಲ್ಲವೂ ತಿಂದಿದ್ದವು. ಹೊತ್ತು ಮೀರಿ ನೀರು ಕುಡಿದದ್ದು ಬಂಗಾರಿ ಒಂದೇ.

ತಾತ ತಿರುಗಿ ವಾಲ್ವಿನ ಕಡೆ ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದು ನಾನು ಕಂಡಿರಲಿಲ್ಲ. ಡಾಕ್ಟರಮ್ಮ ಜೋರಾಗಿ ಕೂಗಿ ತಡೆದರು. ಈಗ ಒಮ್ಮೆಲೇ ನೀರು ಕೊಟ್ಟರೆ ಮಿದುಳು ಇನ್ನಷ್ಟು ಊದಿ ಉಳಿದವೂ ಸಾಯುತ್ತವೆ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ, ಒಂದೊಂದಕ್ಕೂ ಅಳತೆ ಹಾಕಿ, ನಾಳೆಯವರೆಗೂ ಹಾಗೇ ಕೊಡಬೇಕು. ಅದೂ ಉಪ್ಪಿಲ್ಲದ ನೀರು. ಅಷ್ಟು ತಾಳ್ಮೆ ಯಾರಿಗಿದೆ ಎಂದು ಅವರು ಕೇಳಲಿಲ್ಲ, ಆದರೆ ಮುಖದಲ್ಲಿ ಆ ಪ್ರಶ್ನೆ ಇತ್ತು.

ತಾತ ಒಳಗೆ ಹೋಗಿ ತಮ್ಮ ಹಡಗಿನ ಹಳೆಯ ಎನಾಮೆಲ್ ಮಗ್ಗು ತಂದರು.

ಸಿಹಿನೀರು ಹೊತ್ತು ತಂದವಳು ಅಪ್ಪಲಮ್ಮ. ಕೇರಿಯ ಬಾವಿಯಿಂದ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ, ಜೊತೆಗೆ ನಾಲ್ಕಾರು ಹೆಂಗಸರು. ಔಷಧಿ ತಟ್ಟೆಯಲ್ಲಿ ಕಾಲು ಅದ್ದಿ ಸಾಲಾಗಿ ಒಳಗೆ ಬಂದರು. ತಾತ ಒಂದೊಂದು ಕೋಣೆಗೂ ಇಳಿದು, ಒಂದೊಂದು ಹಂದಿಯ ಬಾಯಿಗೂ ಮಗ್ಗಿನ ಅಳತೆಯಲ್ಲಿ ನೀರು ಕೊಟ್ಟರು. ನೀರಿನ ವಾಸನೆಗೆ ಹಂದಿಗಳು ಕಿರುಚಿದ ಕಿರುಚು ಹೇಳಲಾರೆ. ಅವರ ಮೇಲೆ ಬಿದ್ದವು, ಮಗ್ಗಿಗೆ ಹಲ್ಲು ಹಾಕಿದವು, ಕಾಲು ತುಳಿದವು. ನಾನಾಗಿದ್ದರೆ ಕೊಡವನ್ನೇ ಸುರಿದುಬಿಡುತ್ತಿದ್ದೆ. ಅವರು ಸುರಿಯಲಿಲ್ಲ. ಇಷ್ಟು, ಸಾಕು, ಮುಂದಿನದು. ಮತ್ತೆ ಮೊದಲಿನಿಂದ. ನೀರನ್ನು ಅಳೆದು ಹಂಚುವುದು ಆ ಮನುಷ್ಯನಿಗೆ ಗೊತ್ತಿದ್ದಷ್ಟು ಆ ಊರಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಹಂದಿಗಳನ್ನು ಕೆಡಿಸಿದ ಪದ್ಧತಿಯೇ ಅವತ್ತು ಅವುಗಳನ್ನು ಉಳಿಸಿತು.

ಅವರು ಮೂರನೆಯ ಸುತ್ತಿಗೆ ಹೊರಟಾಗ ಅಪ್ಪಲಮ್ಮನ ಬಾಯಿ ಮರಳಿ ಬಂತು. "ಬಾಬೂ, ನನಗೂ ಒಂದು ಮಗ್ಗು ಕೊಡಿಸ್ತೀರಾ, ಇಲ್ಲ ನಾನೂ ಸರದಿ ನಿಲ್ಲಬೇಕಾ?"

ತಾತ ನಕ್ಕರು. ನಗುತ್ತಲೇ ಗೋಡೆಗೆ ಒರಗಿ ಮುಖ ಒರೆಸಿಕೊಂಡರು.

ಅಷ್ಟು ಮಾಡಿದರೂ ಮತ್ತೊಂದು ಹಂದಿ ಉಳಿಯಲಿಲ್ಲ. ಸುತ್ತುತ್ತಿದ್ದದ್ದು ಮರುದಿನ ಮಧ್ಯಾಹ್ನದ ಹೊತ್ತಿಗೆ ಸುತ್ತುವುದು ನಿಲ್ಲಿಸಿ, ಮಲಗಿ, ಎದ್ದು, ತೌಡಿಗೆ ಮೂತಿ ಹಾಕಿತು. ತಾತ ಅದರ ಪಕ್ಕದಲ್ಲಿ ನೆಲದ ಮೇಲೇ ಕೂತರು. ಅವರ ತೊಳೆದಿಟ್ಟ ಪ್ಯಾಂಟಿನ ಮಡಿಕೆಗೆಲ್ಲ ಗಲೀಜು. ಅದನ್ನು ಅವರು ಗಮನಿಸಲೂ ಇಲ್ಲ.

ಪರೀಕ್ಷೆಯ ಉತ್ತರ ಬಂದ ದಿನ ಮೊದಲ ಮಳೆ. ಡಾಕ್ಟರಮ್ಮ ಫೋನು ಮಾಡಿ ಜ್ವರ ಅಲ್ಲ ಎಂದರಂತೆ. ತಾತ ಫೋನು ಇಟ್ಟು, ಸ್ಪ್ಯಾನರ್ ತೆಗೆದುಕೊಂಡು ಮಳೆಯಲ್ಲೇ ಹೊರಗೆ ಹೋದರು. ವಾಲ್ವನ್ನು ಪೂರ್ತಿ ತೆರೆದು, ಅದರ ಕೆಂಪು ಚಕ್ರವನ್ನು ಬಿಚ್ಚಿ ತಂದು ನನ್ನ ಕೈಯಲ್ಲಿಟ್ಟರು.

"ಇನ್ನು ಇದು ನಿನ್ ಹತ್ರ ಇರಲಿ," ಎಂದರು. ಆಮೇಲೆ ಒದ್ದೆ ತಲೆ ಒರೆಸಿಕೊಳ್ಳುತ್ತ, "ಅವತ್ತು ನೀನು ಹೇಳಿದ್ದು... ಬಾಣಂತಿಗೆ ಬಾಯಾರ್ತದೆ ಅಂತ. ನಿಂಗೆ ಹೆಂಗೆ ಗೊತ್ತಿತ್ತು?" ಎಂದು ಕೇಳಿದರು.

ಆಗ ಹೇಳಿದೆ. ಬಚ್ಚಲಿನ ನೀರಿನ ಮಾತನ್ನೂ ಹೇಳಿದೆ. ಅವರು ಸ್ಪ್ಯಾನರ್ ಕೆಳಗಿಟ್ಟು ನನ್ನ ಪಕ್ಕ ಕೂತರು. ಅಂಗಳದಲ್ಲಿ ಮಳೆ ಸುರಿಯುತ್ತಿತ್ತು, ಹಂದಿಮನೆಯ ಕಡೆಯಿಂದ ಮೊಳೆನಲ್ಲಿಗಳು ಟಿಕ್ ಟಿಕ್ ಎಂದು ಬಿಡದೆ ಸದ್ದು ಮಾಡುತ್ತಿದ್ದವು. ಬೇಕಾದದ್ದು ಬೇಕಾದಾಗ ಎದ್ದು ಕುಡಿಯುತ್ತಿತ್ತು. ಆ ಸದ್ದು ಕೇಳುತ್ತ ನನ್ನ ಮೈ ಹಗುರಾಯಿತು. ಅಷ್ಟು ದಿನ ಹೆಗಲು ಬಿಗಿಹಿಡಿದುಕೊಂಡೇ ಇದ್ದೆ ಎಂದು ಸಡಿಲಾದ ಮೇಲೆ ತಿಳಿಯಿತು.

ನಿಮ್ಮ ಅಮ್ಮ ಬಾಣಂತನಕ್ಕೆ ನಮ್ಮಲ್ಲಿಗೇ ಬಂದಳು. ನಿಧಿ, ನಿನ್ನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಊರಿನಿಂದ ಬಂದಿದ್ದ ನನ್ನ ನಾದಿನಿ ಸಣ್ಣ ಲೋಟ ಹುಡುಕುತ್ತಿದ್ದರು. ಅಷ್ಟರಲ್ಲಿ ನಿಮ್ಮ ತಾತ ಕಾಯಿಸಿ ಆರಿಸಿದ ನೀರನ್ನು ದೊಡ್ಡ ಹೂಜಿಯ ತುಂಬ ತಂದು ಮಗಳ ಮಂಚದ ಪಕ್ಕ ಇಟ್ಟರು. ಮೇಲೆ ಆ ಎನಾಮೆಲ್ ಮಗ್ಗು ಬೋರಲು ಹಾಕಿದರು. ಹಸಿ ಮೈ ಎಂದು ನಾದಿನಿ ಏನೋ ಶುರುಮಾಡಿದರು. ತಾತ ಹೂಜಿಯ ಪಕ್ಕವೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತ ಕೂತುಬಿಟ್ಟರು. ಅದನ್ನು ದಾಟಿ ಯಾರೂ ಮಾತಾಡಲಿಲ್ಲ. ನಿಮ್ಮ ಅಮ್ಮ ನಿನ್ನನ್ನು ಎದೆಗೆ ಹಾಕಿಕೊಂಡು ಮಗ್ಗಿನ ತುಂಬ ನೀರು ಕುಡಿದಳು, ಗಂಟಲಿನಲ್ಲಿ ಗಟಗಟ ಇಳಿಯುವುದು ಬಾಗಿಲಿನ ತನಕ ಕೇಳಿಸಿತು. ನಾನು ಅಡಿಗೆಮನೆಗೆ ಹೋಗಿ ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತೆ. ದುಃಖವಲ್ಲ ಮಕ್ಕಳೇ. ಬಹಳ ದಿನದ ಬಾಯಾರಿಕೆ ಇಳಿದ ಹಾಗಾಯಿತು.

ತಾತ ಹೋದ ಮೇಲೆ ಹಂದಿಮನೆಯನ್ನು ಅಪ್ಪಲಮ್ಮನ ಮಗಳಿಗೆ ಬಿಟ್ಟು ನಾನು ವಿಜಯವಾಡಕ್ಕೆ ನಿಮ್ಮ ಹತ್ತಿರ ಬಂದೆ. ಈಗಲೂ ಅಲ್ಲಿ ಆ ವಾಲ್ವಿಗೆ ಚಕ್ರವಿಲ್ಲ. ಕಾರ್ತಿಕ, ನೀನು ಸೋಫಾದ ಮೇಲೆ ಕೂತು ಕಾರು ಓಡಿಸಲು ಹಿಡಿದುಕೊಳ್ಳುವ ಕೆಂಪು ಕಬ್ಬಿಣದ ಸ್ಟೇರಿಂಗ್ ಇದೆಯಲ್ಲ, ಅದೇ ಇದು. ಯಾವ ಕಾರಿನದು ಅಜ್ಜಿ ಎಂದು ಕೇಳಿದ್ದೆ. ಧಾರಾಳವಾಗಿ ತಿರುಗಿಸು, ಈಗ ಅದರಿಂದ ಯಾವ ನೀರೂ ನಿಲ್ಲುವುದಿಲ್ಲ.

ಈ ಹಾಳೆಗಳನ್ನು ನಿಮ್ಮ ಅಮ್ಮನ ಬೀರುವಿನಲ್ಲಿ, ಮೇಲಿನ ಅಂಕಣದಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿ ಇಡಿ. ಮಳೆಗಾಲದಲ್ಲಿ ಆ ಕಡೆಯ ಗೋಡೆ ತೇವವಾಗುತ್ತದೆ, ಅದಕ್ಕೆ ಒರಗಿಸಬೇಡಿ. ನೀರಿನಿಂದ ದೂರ ಇಡಬೇಕಾದದ್ದು ನಮ್ಮ ಮನೆಯಲ್ಲಿ ಇದೊಂದೇ.